ಅಪ್ಲೀಶಿಯಾದ ನರಕೋಶ ನೀಲಿ ಕಂಡರೆ ಅದು ನೈಟ್ರಿಕ್ ಆಕ್ಸೈಡಾ?

ಪಿಯು_ಬಯಾಲಜಿ:
ನರಕೋಶಗಳು ರಾಸಾಯನಿಕವನ್ನು ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಂಡು, ಸಮಯ ಬಂದಾಗ ಹೊರಬಿಡುತ್ತವೆ ಅಂತ ಮಕ್ಕಳಿಗೆ ಪಾಠ ಮಾಡುತ್ತೇನೆ. ಆದರೆ ಕಡಲ ಬಸವನಹುಳು ಅಪ್ಲೀಶಿಯಾದಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲವೂ ಸಂದೇಶ ಒಯ್ಯುತ್ತದಂತೆ. ಅನಿಲವನ್ನು ಚೀಲದಲ್ಲಿ ಹಿಡಿದಿಡೋದು ಹೇಗೆ? ಒಂದು ಫೋಟೋದಲ್ಲಿ ಕೆಲವೇ ಕೋಶಗಳು ಕಡು ನೀಲಿ ಇದ್ದವು. ಆ ನೀಲಿಯೇ ಅನಿಲವಾ?

ಹಳೇ_ಲ್ಯಾಬಿನವ:
ಹಿಡಿದಿಡೋದೇ ಇಲ್ಲ ಮೇಡಂ, ಬೇಕಾದಾಗ ಬಿಸಿಬಿಸಿಯಾಗಿ ತಯಾರಾಗುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಏರಿದರೆ ಎನ್‌ಓಎಸ್ ಎಂಬ ಕಿಣ್ವ ಅರ್ಜಿನೈನ್ ಅನ್ನೋ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ಮಾಡುತ್ತದೆ. ಅದು ಪೊರೆ ದಾಟಿ ಪಕ್ಕದ ಕೋಶಕ್ಕೆ ನುಗ್ಗುತ್ತದೆ. ಅಲ್ಲಿ ಗ್ವಾನಿಲಿಲ್ ಸೈಕ್ಲೇಸ್ ಕಿಣ್ವ ಚುರುಕಾಗಿ ಸೈಕ್ಲಿಕ್ ಜಿಎಂಪಿ ಅನ್ನೋ, ಕೋಶದೊಳಗೆ ಸಂದೇಶ ಒಯ್ಯುವ ಅಣು ಹೆಚ್ಚುತ್ತದೆ. ಹಾಗಂತ ನಿಮ್ಮ ಪಾಠ ಸುಳ್ಳಲ್ಲ. ಅಪ್ಲೀಶಿಯಾದ ಸಿ2 ಎಂಬ ನರಕೋಶ, ಚೀಲದಲ್ಲಿ ತುಂಬಿಟ್ಟ ಹಿಸ್ಟಮಿನ್ ಅನ್ನೋ ರಾಸಾಯನಿಕದ ಜೊತೆಗೇ ಈ ಅನಿಲವನ್ನೂ ಬಳಸುತ್ತದೆ.

ನೀಲಿ ಮಾತ್ರ ಅನಿಲವಲ್ಲ. ಅದು ಎನ್‌ಎಡಿಪಿಎಚ್ ಡಯಾಫೊರೇಸ್ ಬಣ್ಣ, ಅಂದರೆ ಎನ್‌ಓಎಸ್ ಇರುವ ಕೋಶ ಗುರುತಿಸಲು ಲ್ಯಾಬಿನಲ್ಲಿ ಹಾಕುವ ಬಣ್ಣ. ಫಾರ್ಮಾಲ್ಡಿಹೈಡ್ ಹಾಕಿ ಅಂಗಾಂಶವನ್ನು ಗಟ್ಟಿ ಮಾಡಿದ ಮೇಲೂ ಎನ್‌ಓಎಸ್, ನಾವು ಹಾಕುವ ಟೆಟ್ರಜೋಲಿಯಂ ಎಂಬ ಉಪ್ಪನ್ನು ಫಾರ್ಮಜಾನ್ ಎಂಬ ನೀಲಿ ವಸ್ತುವಾಗಿ ಬದಲಿಸಬಲ್ಲದು. ಬೇರೆ ಕಿಣ್ವಗಳೂ ಇದನ್ನೇ ಮಾಡಬಹುದು. ಹಾಗಾಗಿ ಚಂದದ ನೀಲಿ ಚಿತ್ರ ಕಂಡರೆ ನನಗೆ ಮೊದಲು ಅನುಮಾನ, ಆಮೇಲೆ ಖುಷಿ.

ಉಪ್ಪುನೀರು:
ಸರಿ ಸಾರ್, ಹಾಗಾದರೆ ಅನಿಲ ನಿಜಕ್ಕೂ ಕೆಲಸ ಮಾಡಿತು ಅಂತ ಹೇಳೋದು ಹೇಗೆ?

ಹಳೇ_ಲ್ಯಾಬಿನವ:
ತಡೆದು ನೋಡಬೇಕು. ಎಲ್-ನೇಮ್ ಅನ್ನೋ ಮದ್ದು ಕಿಣ್ವವನ್ನು ತಡೆಯುತ್ತದೆ. ಹಿಮೋಗ್ಲೋಬಿನ್ ಹಾಕಿದರೆ ಕೋಶದ ಹೊರಗೆ ಬಂದ ಅನಿಲವನ್ನು ಹೀರಿಕೊಳ್ಳುತ್ತದೆ. ಎರಡರಲ್ಲೂ ಸಂದೇಶ ನಿಂತರೆ ನಂಬಬಹುದು.

ನನಗೆ ತುಂಬಾ ಹಿಡಿಸಿದ್ದು ಇಸ್ರೇಲಿನ ಸಸ್‌ವೈನ್ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗ. ಕಡಲಪಾಚಿಯನ್ನು ಪ್ಲಾಸ್ಟಿಕ್ ಬಲೆಯಲ್ಲಿ ಸುತ್ತಿ ಅಪ್ಲೀಶಿಯಾಗೆ ಕೊಡುತ್ತಾರೆ. ಬಾಯಿಗೆ ಹಾಕುತ್ತದೆ, ನುಂಗಲಾಗದೆ ಉಗುಳುತ್ತದೆ. ಹೀಗೇ ಆಗಿ ಆಗಿ ಕೊನೆಗೆ ಆ ತಿಂಡಿಯ ತಂಟೆಗೇ ಹೋಗೋದಿಲ್ಲ. ತರಬೇತಿಗೆ 10 ನಿಮಿಷ ಮುಂಚೆ ಎಲ್-ನೇಮ್ ಕೊಟ್ಟರೆ? ತಿನ್ನುವ ರೀತಿ ಹೆಚ್ಚುಕಡಿಮೆ ಅದೇ, ಆದರೆ ಪಾಠ ನೆನಪಲ್ಲಿ ನಿಲ್ಲೋದಿಲ್ಲ. ಮರುದಿನದ ನೆನಪಂತೂ ಇಲ್ಲವೇ ಇಲ್ಲ.

ಪಿಯು_ಬಯಾಲಜಿ:
ಇದನ್ನು ಮಕ್ಕಳಿಗೆ ಹೇಳಲೇಬೇಕು! ನಮ್ಮ ಮಿದುಳಲ್ಲೂ ಇದೇ ಅನಿಲ ಇದೆಯಾ?

ಹಳೇ_ಲ್ಯಾಬಿನವ:
ಇದೆ. ರಕ್ತನಾಳ ಸಡಿಲಿಸೋದೂ ಇದೇ. ಆ ಕೆಲಸಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ನೊಬೆಲ್ ಬಂತು. ಆದರೆ ನಮ್ಮ ಮಿದುಳಲ್ಲಿ ಸಿ2ನಂಥ ಒಂದೇ ಕೋಶವನ್ನು ಹೆಸರಿಟ್ಟು, ಪ್ರತಿ ಪ್ರಾಣಿಯಲ್ಲೂ ಮತ್ತೆ ಹುಡುಕಿ ಸೂಜಿ ಚುಚ್ಚೋದು ಆಗದ ಮಾತು. ಹುಳುವಿನ ಬೆನ್ನು ಬಿದ್ದಿರೋದು ಅದಕ್ಕೇ ಅಲ್ವಾ.