ಓದುಗರ ಸ್ಪಂದನ: ಊಟಕ್ಕೆ ಮೊದಲು ಶಿಲುಬೆ ಗುರುತು, ಮನೆಯಲ್ಲಿ ಜಗಳ

(ಎರಡನೇ ಕ್ಲಾಸಿನ ಮಗಳು ಊಟಕ್ಕೆ ಕೂತಾಗ ಶಿಲುಬೆ ಗುರುತು ಮಾಡುತ್ತಾಳೆ, ಅತ್ತೆ ಕಾನ್ವೆಂಟ್ ಬಿಡಿಸಿ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಮಂಗಳೂರಿನ ಓದುಗರೊಬ್ಬರು ಕೇಳಿದ್ದರು.)

ತಂಗಿ, ನಾನೂ ಮಂಗಳೂರಿನ ಕಾನ್ವೆಂಟಿನಲ್ಲೇ ಓದಿದವಳು. ಬೆಳಗ್ಗೆ ಅಸೆಂಬ್ಲಿಯಲ್ಲಿ 'ಪರಲೋಕದಲ್ಲಿರುವ ನಮ್ಮ ತಂದೆಯೇ', ಸಂಜೆ ಕೈಕಾಲು ತೊಳೆದು ದೇವರ ದೀಪದ ಮುಂದೆ ಭಜನೆ. ಎರಡೂ ಬಾಯಿಪಾಠ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಹೋದರೆ ನಮಗೆ ಮಾರಲ್ ಸೈನ್ಸ್. ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ದಿನ, ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚೆ ಮಕ್ಕಳು ಪುಟಾಣಿ ಮರಿಯಮ್ಮನ ಮೂರ್ತಿಗೆ ಹೂ ಹಾಕುತ್ತಾರಲ್ವಾ, ಅದಕ್ಕೆ ಅಮ್ಮ ಅಂಗಳದ ದಾಸವಾಳ, ಗೊರಟೆ ಕೊಯ್ದು ಬಾಳೆಲೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಚೌತಿಗೂ ಅದೇ ಗಿಡದ ಹೂ. ನಿಮ್ಮ ಮಗಳು ಪಕ್ಕದಲ್ಲಿ ಕೂತ ಗೆಳತಿಯನ್ನು ನೋಡಿ ಕಲಿತಿರುತ್ತಾಳೆ. ಬೈದರೆ ಕದ್ದು ಮಾಡುತ್ತಾಳೆ, ಅಷ್ಟೆ. ಅದರ ಬದಲು ಅವಳ ಜೊತೆ ಊಟಕ್ಕೆ ಕೂತು ಅನ್ನಪೂರ್ಣೆಯ ಶ್ಲೋಕ ಹೇಳಿಕೊಡಲು ಅತ್ತೆಯವರನ್ನೇ ಕೇಳಿ. ಮೊಮ್ಮಗಳು ಕೈತಪ್ಪಿ ಹೋಗುತ್ತಾಳೆ ಅನ್ನೋ ಭಯ ಅವರದು. ಅದನ್ನು ಸುಮ್ನೆ ತಳ್ಳಿಹಾಕಬೇಡಿ.
— ಗೃಹಿಣಿ, ಮಂಗಳೂರು

ಮೇಲಿನ ಅಕ್ಕನಷ್ಟು ಸುಲಭವಾಗಿರಲಿಲ್ಲ ನಮ್ಮ ಅನುಭವ. ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ಮಗ ಓದುತ್ತಿದ್ದ ಶಾಲೆಯಲ್ಲಿ ಚಾಪೆಲ್ ಪ್ರಾರ್ಥನೆಗೆ ಎಲ್ಲರೂ ಮೊಣಕಾಲೂರಬೇಕಿತ್ತು. ಇವನು ನಿಂತೇ ಇದ್ದದ್ದಕ್ಕೆ ಟೀಚರ್ ಗದರಿದರು. ಆ ರಾತ್ರಿ ಅವನು ಊಟ ಮಾಡಲಿಲ್ಲ. ಸಂವಿಧಾನದ 28ನೇ ವಿಧಿ ಸ್ಪಷ್ಟವಾಗಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಧರ್ಮಬೋಧನೆಗೋ ಪ್ರಾರ್ಥನೆಗೋ ಮಗು ಸೇರಬೇಕಾದರೆ ಪೋಷಕರ ಒಪ್ಪಿಗೆ ಬೇಕು. ನಾನು ಎರಡು ಸಾಲಿನ ಪತ್ರ ಬರೆದುಕೊಂಡು ಹೋಗಿ ಪ್ರಿನ್ಸಿಪಾಲ್ ಸಿಸ್ಟರನ್ನು ಕಂಡೆ. ಅವರು ಓದಿ, ಆ ಹೊತ್ತಿನಲ್ಲಿ ಅವನು ಲೈಬ್ರರಿಯಲ್ಲಿ ಕೂರಲಿ ಅಂದರು. ಅಲ್ಲಿಗೆ ಮುಗಿಯಿತು. ಅವನು ಎಸ್ಸೆಸ್ಸೆಲ್ಸಿ ಅಲ್ಲೇ ಮುಗಿಸಿದ. ಕ್ರಿಸ್‌ಮಸ್‌ಗೆ ಗೆಳೆಯರ ಮನೆಯಿಂದ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಈಗಲೂ ಬರುತ್ತದೆ. ಆದರೆ ಕೇಳದೆ ಇದ್ದಿದ್ದರೆ ಏನೂ ಬದಲಾಗುತ್ತಿರಲಿಲ್ಲ. ನೀವೂ ಹೋಗಿ ಕೇಳಿ. ಶಾಲೆಯವರೇ ಕಲಿಸುತ್ತಿದ್ದಾರೋ, ಮಗು ತಾನಾಗಿ ಮಾಡುತ್ತಿದೆಯೋ, ಮೊದಲು ತಿಳಿದುಕೊಳ್ಳಿ.
— ವ್ಯಾಪಾರಿ, ಉಳ್ಳಾಲ

ಇಲ್ಲಿ ಶಾಲೆಗಳನ್ನು ತೆರೆದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಂಗಡದ ಪಾದ್ರಿಗಳ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ ಶುರುವಾದದ್ದು 1880ರಲ್ಲಿ. ಇಂಥ ಶಾಲೆಗಳಲ್ಲಿ ಓದಿಯೂ ಮನೆದೇವರಿಗೆ ನಡೆದುಕೊಳ್ಳುವವರು ನಿಮ್ಮತ್ತೆಯವರ ನೆಂಟರಲ್ಲೇ ಇರುತ್ತಾರೆ. ಅವರಿಂದಲೇ ಒಂದು ಮಾತು ಹೇಳಿಸಿ. ಇಷ್ಟಾಗಿಯೂ ಶಾಲೆ ಬದಲಿಸುವುದೇ ಆದರೆ ಮಾರ್ಚ್ ಕಳೆಯಲಿ. ವರ್ಷದ ನಡುವೆ ಕಿತ್ತರೆ ಪಾಠವೂ ತಪ್ಪುತ್ತದೆ, ಗೆಳತಿಯರೂ ತಪ್ಪುತ್ತಾರೆ. ತಾನು ಏನೋ ತಪ್ಪು ಮಾಡಿದೆ ಎಂದು ಮಗು ಅಂದುಕೊಳ್ಳುತ್ತದೆ.
— ನಿವೃತ್ತ ಶಿಕ್ಷಕಿ, ಉಡುಪಿ