ಗಾಂಜಾ ಸೇದಿ ಬೈಕ್ ಓಡಿಸಿದರೆ ಯಾವ ಕೇಸ್ ಬೀಳುತ್ತದೆ? ಗಾಡಿ ನನ್ನ ಹೆಸರಲ್ಲಿದೆ

ನವಲೂರಿನ ಅಣ್ಣ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದಾನೆ. ವಯಸ್ಸು 21. ಈಚೆಗೆ ಗೆಳೆಯರ ಜೊತೆ ಸೇರಿ ಗಾಂಜಾ ಸೇದುವುದು ಶುರುವಾಗಿದೆ. ಮನೆಯಲ್ಲಿ ಇದು ನನಗೊಬ್ಬನಿಗೇ ಗೊತ್ತು. ಸೇದಿದ ಮೇಲೆ ರಾತ್ರಿ ಹನ್ನೊಂದರ ಹೊತ್ತಿಗೆ ಬೈಕ್ ಹತ್ತಿ ಬೈಪಾಸ್ ಕಡೆ ಢಾಬಾಕ್ಕೆ ಊಟಕ್ಕೆ ಹೋಗುತ್ತಾರೆ. ಬೈದರೆ "ಅಣ್ಣಾ, ನಾನು ಕುಡಿದಿಲ್ಲ. ಪೊಲೀಸರು ಊದಿಸಿದರೂ ಸೊನ್ನೆ ಬರುತ್ತದೆ, ಕೇಸೇ ಆಗಲ್ಲ" ಅಂತಾನೆ. ಕಾನೂನು ನಿಜವಾಗಲೂ ಹಾಗಿದೆಯಾ? ಬೈಕಿನ ಆರ್‌ಸಿ, ಇನ್ಶೂರೆನ್ಸ್ ಎರಡೂ ನನ್ನ ಹೆಸರಲ್ಲಿವೆ. ನಾಳೆ ಏನಾದರೂ ಆದರೆ ನನಗೂ ಬರುತ್ತದಾ? ಮತ್ತೆ ರಂಗಪಂಚಮಿ ದಿನ ಭಾಂಗ್ ಕುಡಿದು ಗಾಡಿ ಓಡಿಸಿದರೂ ಇದೇ ಲೆಕ್ಕವಾ? ಗೊತ್ತಿದ್ದವರು ಬಿಡಿಸಿ ಹೇಳಿ. ಅವನಿಗೆ ಫೋನ್‌ನಲ್ಲಿ ತೋರಿಸಬೇಕು.

ಧಾರವಾಡದ ವಕೀಲ:

ನಿಮ್ಮ ತಮ್ಮನಿಗೆ ಅರ್ಧ ಗೊತ್ತಿದೆ, ಇನ್ನರ್ಧ ಗೊತ್ತಿಲ್ಲ. ಊದುವ ಯಂತ್ರಕ್ಕೆ ಮದ್ಯ ಮಾತ್ರ ಸಿಗುತ್ತದೆ, ಅದು ಸರಿ. ಆದರೆ ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಂ ಓದಿ. ಮೊದಲ ಭಾಗ ಮದ್ಯದ್ದು, 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಎರಡನೇ ಭಾಗ ಡ್ರಗ್ಸ್‌ದು, ಅಲ್ಲಿ ಯಾವ ಅಂಕಿಯೂ ಇಲ್ಲ. ಗಾಡಿಯನ್ನು ಸರಿಯಾಗಿ ಹತೋಟಿಯಲ್ಲಿ ಇಟ್ಟುಕೊಳ್ಳಲಾರದಷ್ಟು ಮತ್ತಿನಲ್ಲಿ ಇದ್ದರೆ ಸಾಕು. 2019ರ ತಿದ್ದುಪಡಿ ಆದ ಮೇಲೆ ಎನ್‌ಡಿಪಿಎಸ್ ಕಾಯ್ದೆಯಲ್ಲಿ (ಮಾದಕ ವಸ್ತುಗಳ ಕಾಯ್ದೆ) ಬರುವ ಮಾದಕ ವಸ್ತುಗಳು ಇಲ್ಲಿಯೂ ಬರುತ್ತವೆ ಎಂದು ಅದರಲ್ಲೇ ಬರೆದಿದ್ದಾರೆ. ಅಂದರೆ ಗಾಂಜಾ ಬಂತು.

ಶಿಕ್ಷೆ ಮದ್ಯಕ್ಕೂ ಇದಕ್ಕೂ ಒಂದೇ. ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲ ಎರಡು ವರ್ಷದವರೆಗೆ ಜೈಲು ಅಥವಾ 15,000 ದಂಡ, ಇಲ್ಲವೇ ಎರಡೂ. ಸ್ಥಳದಲ್ಲೇ ರೊಕ್ಕ ಕಟ್ಟಿ ರಸೀದಿ ತಗೊಂಡು ಹೋಗುವ ಕೇಸ್ ಅಲ್ಲ ಇದು, ಕೋರ್ಟಿಗೇ ಹೋಗಬೇಕು. ಲೈಸೆನ್ಸ್ ಕಿತ್ತುಕೊಂಡು ಆರ್‌ಟಿಒಗೆ ಕಳಿಸುತ್ತಾರೆ, ಅಲ್ಲಿ ಅಮಾನತು ಆಗುತ್ತದೆ. ಓದು ಮುಗಿದ ಮೇಲೆ ಕೆಲಸಕ್ಕೆ ಅರ್ಜಿ ಹಾಕುವಾಗ ಕೇಸ್ ಇದೆಯಾ ಅಂತ ಕೇಳಿದರೆ ಏನು ಬರೆಯುತ್ತಾನೆ?

ಯಂತ್ರ ಇಲ್ಲದೆ ಹೇಗೆ ಸಾಬೀತು ಮಾಡುತ್ತಾರೆ ಅಂತ ಅವನು ಕೇಳಬಹುದು. 185ರಲ್ಲಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಲೇಬೇಕು, ಇಲ್ಲದಿದ್ದರೆ ಬಿಡಬೇಕು ಎಂದು 202ನೇ ಕಲಂ ಹೇಳುತ್ತದೆ. ವೈದ್ಯರು ಕಣ್ಣು ನೋಡುತ್ತಾರೆ, ಮಾತು, ನಡಿಗೆ, ನಾಡಿ ನೋಡಿ ಬರೆಯುತ್ತಾರೆ. ಬಂಧಿತನ ರಕ್ತ, ಮೂತ್ರ ತೆಗೆಯಲು ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 51ನೇ ಕಲಂನಲ್ಲಿ ಅವಕಾಶ ಇದೆ. ನಿಜ ಹೇಳಬೇಕೆಂದರೆ ಡ್ರಗ್ಸ್ ವಿಷಯದಲ್ಲಿ ಮೋಟಾರು ಕಾಯ್ದೆಯ 203, 204ನೇ ಕಲಂಗಳು (ಪರೀಕ್ಷೆಯವು) ಇನ್ನೂ ಮದ್ಯವನ್ನೇ ತಲೆಯಲ್ಲಿಟ್ಟುಕೊಂಡು ಬರೆದಂತಿವೆ. ಇದು ಸರಿಯಾಗಬೇಕು. ಸ್ಪಷ್ಟ ವಿಧಾನ ಇಲ್ಲದಿದ್ದರೆ ಅಮಾಯಕನೂ ಸಿಕ್ಕಿಬೀಳುತ್ತಾನೆ, ನಿಜವಾದ ತಪ್ಪಿತಸ್ಥನೂ ತಪ್ಪಿಸಿಕೊಳ್ಳುತ್ತಾನೆ.

ಇದರ ಮೇಲೆ ಎನ್‌ಡಿಪಿಎಸ್ ಬೇರೆ. ಸೇದಿದ್ದಕ್ಕೇ 27ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 10,000ದವರೆಗೆ ದಂಡ. ಜೇಬಲ್ಲಿ ಒಂದು ಚಿಕ್ಕ ಪೊಟ್ಟಣ ಸಿಕ್ಕರೂ 20ನೇ ಕಲಂ, ಒಂದು ಕೆಜಿವರೆಗೆ ಒಂದು ವರ್ಷದ ತನಕ ಶಿಕ್ಷೆ.

ಭಾಂಗ್ ವಿಷಯ ಬೇರೆ. ಎನ್‌ಡಿಪಿಎಸ್‌ನ ಗಾಂಜಾ ಅರ್ಥದಲ್ಲಿ ಹೂವಿನ ತುದಿ ಇಲ್ಲದ ಬರೀ ಎಲೆ, ಬೀಜ ಬರುವುದಿಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಜಾಮೀನು ಆದೇಶದಲ್ಲಿ ಭಾಂಗ್ ಆ ಕಾಯ್ದೆಯೊಳಗೆ ಬರಲ್ಲ ಎಂದಿದೆ. ಹಾಗಂತ ಕುಡಿದು ಗಾಡಿ ಹತ್ತಬಹುದು ಅಂತಲ್ಲ. 185ರ ಡ್ರಗ್ ಎಂಬ ಮಾತು ಅದಕ್ಕಿಂತ ಅಗಲ. ಅದರಲ್ಲಿ ವಾದ ಮಾಡಿ ಗೆದ್ದರೂ ಅಪಾಯಕಾರಿ ಚಾಲನೆಗೆ 184 ಇದ್ದೇ ಇದೆ.

ಗೋಕುಲ ರೋಡ್ ಹುಡುಗ:

ಸರ್, ಇಷ್ಟು ಹೆದರಿಸಬೇಡಿ. ಕುಡಿದವನು ಜೋರಾಗಿ ಓಡಿಸುತ್ತಾನೆ, ಇದನ್ನು ಸೇದಿದವನು ನಿಧಾನಕ್ಕೇ ಹೋಗುತ್ತಾನೆ. ಕೆನಡಾ, ಜರ್ಮನಿಯಲ್ಲೆಲ್ಲ ಕಾನೂನುಬದ್ಧ ಮಾಡಿದ್ದಾರಲ್ವಾ. ಅಲ್ಲಿ ಜನ ಗಾಡಿ ಓಡಿಸುತ್ತಿಲ್ಲವಾ?

ಗದಗ ಲ್ಯಾಬ್:

ಓಡಿಸುತ್ತಾರೆ, ಆದರೆ ಸೇದಿ ಓಡಿಸಿದರೆ ಅಲ್ಲೂ ಹಿಡಿಯುತ್ತಾರೆ. ಕೆನಡಾ 2018ರಲ್ಲಿ ಗಾಂಜಾಕ್ಕೆ ಅನುಮತಿ ಕೊಟ್ಟಿತು, ಅದೇ ವರ್ಷ ಡ್ರೈವಿಂಗ್ ಕಾನೂನು ಬಿಗಿ ಮಾಡಿತು. ಒಂದು ಮಿಲಿ ರಕ್ತದಲ್ಲಿ 2 ನ್ಯಾನೊಗ್ರಾಂ ಟಿಎಚ್‌ಸಿ (ಗಾಂಜಾದಲ್ಲಿ ಮತ್ತು ಬರಿಸುವ ವಸ್ತು) ಇದ್ದರೇ ಅಪರಾಧ, 5 ಇದ್ದರೆ ಇನ್ನೂ ದೊಡ್ಡ ಕೇಸ್. ಜೊತೆಗೆ ಮದ್ಯವೂ ಇದ್ದರೆ 2.5ಕ್ಕೇ ಆ ದೊಡ್ಡ ಕೇಸ್. ಜರ್ಮನಿ 2024ರಲ್ಲಿ ಅನುಮತಿ ಕೊಟ್ಟಿತು, ಡ್ರೈವರ್‌ಗಳಿಗೆ ಒಂದು ಮಿಲಿ ರಕ್ತದ ಸೀರಮ್‌ನಲ್ಲಿ 3.5 ನ್ಯಾನೊಗ್ರಾಂ ಎಂದು ಮಿತಿ ಹಾಕಿತು. ಮನೆಯಲ್ಲಿ ಕೂತು ಸೇದಲು ಬಿಟ್ಟಿದ್ದು ಬೇರೆ, ರಸ್ತೆಗೆ ಬಿಟ್ಟಿದ್ದು ಬೇರೆ.

ನಿಧಾನಕ್ಕೆ ಹೋಗುತ್ತಾರೆ ಅನ್ನುವುದು ಸ್ವಲ್ಪ ನಿಜ. ಆದರೆ ನೆಟ್ಟಗೆ ಹೋಗುವುದಿಲ್ಲ. ತನ್ನ ಲೇನ್‌ನಲ್ಲಿ ನಿಲ್ಲಲು ಆಗುವುದಿಲ್ಲ, ದೂರ ಮತ್ತು ಹೊತ್ತಿನ ಅಂದಾಜು ತಪ್ಪುತ್ತದೆ. ಮುಂದೆ ದಿಢೀರನೆ ನಾಯಿ ಬಂದರೆ ಬ್ರೇಕ್ ಮೇಲೆ ಕಾಲು ಹೋಗುವುದು ತಡ. ಜೊತೆಗೆ ಒಂದು ಬಿಯರ್ ಹಾಕಿದ್ದರೆ ಎರಡರ ಮತ್ತೂ ಕೂಡಿಕೊಳ್ಳುತ್ತದೆ. ಸೇದಿದರೆ ಕೆಲವೇ ನಿಮಿಷಕ್ಕೆ ಏರುತ್ತದೆ, ಮೂರ್ನಾಲ್ಕು ಗಂಟೆ ಗಟ್ಟಿಯಾಗಿ ಇರುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ ಹೊತ್ತು. ಭಾಂಗ್ ಇನ್ನೂ ಮೋಸ. ಕುಡಿದು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಏನೂ ಅನಿಸುವುದಿಲ್ಲ. ಏನೂ ಆಗಿಲ್ಲ ಅಂತ ಇನ್ನೊಂದು ಲೋಟ ಕುಡಿದು ಗಾಡಿ ಹತ್ತುತ್ತಾರೆ, ದಾರಿ ನಡುವೆ ಏರುತ್ತದೆ. ಹೋಳಿ, ರಂಗಪಂಚಮಿಯಲ್ಲಿ ಬಣ್ಣ ಮೆತ್ತಿಕೊಂಡು ಒಂದೇ ಬೈಕಲ್ಲಿ ಮೂರು ಜನ ಹೋಗುವವರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮೂತ್ರ ಪರೀಕ್ಷೆ ಬಗ್ಗೆಯೂ ಹೇಳಬೇಕು. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ರಕ್ತದಲ್ಲಿ ಬೇಗ ಇಳಿಯುತ್ತದೆ, ಆದರೆ ಅದು ಒಡೆದು ಆಗುವ ವಸ್ತು ಮೂತ್ರದಲ್ಲಿ ಹಲವು ದಿನ ಇರುತ್ತದೆ. ದಿನಾ ಸೇದುವವರಲ್ಲಿ ವಾರಗಟ್ಟಲೆ ಸಿಗುತ್ತದೆ. ಹಾಗಾಗಿ ಮೂತ್ರದಲ್ಲಿ ಪಾಸಿಟಿವ್ ಬಂದರೆ ಸೇದಿದ್ದಾನೆ ಅಂತ ಮಾತ್ರ ಗೊತ್ತಾಗುತ್ತದೆ, ಗಾಡಿ ಓಡಿಸುವಾಗ ಮತ್ತಿನಲ್ಲಿದ್ದ ಅಂತ ಗೊತ್ತಾಗುವುದಿಲ್ಲ. ಮದ್ಯಕ್ಕೆ ಹಾಕಿದಂತೆ ಇದಕ್ಕೆ ಒಂದೇ ಅಂಕಿ ಹಾಕುವುದು ಕಷ್ಟ ಆಗಿರುವುದೂ ಇದಕ್ಕೇ.

ಬ್ಯಾಡಗಿ ಲಾರಿ:

ನಾನು ಮೆಣಸಿನಕಾಯಿ ಲೋಡ್ ಹೊಡೆಯುವವನು. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ನನಗೆ ಚೆನ್ನಾಗಿ ಗೊತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆ ಹೆಣ್ಣುಮಕ್ಕಳ ಟೆಂಪೊ ಅಪಘಾತ ಆಗಿದ್ದು ಇದೇ ರಸ್ತೆಯಲ್ಲಿ. ಪೂರ್ತಿ ಎಚ್ಚರ ಇದ್ದವರಿಗೇ ಅದು ಕಷ್ಟದ ರಸ್ತೆ. ರಾತ್ರಿ ಢಾಬಾದಿಂದ ಹೊರಡುವ ಹುಡುಗರ ಬೈಕ್ ದೂರದಿಂದಲೇ ಗೊತ್ತಾಗುತ್ತದೆ ತಮ್ಮ. ಹೆಡ್‌ಲೈಟ್ ಹೈ ಬೀಮ್‌ನಲ್ಲೇ ಇರುತ್ತದೆ, ಇಳಿಸುವುದೇ ನೆನಪಿರುವುದಿಲ್ಲ. ಇಂಡಿಕೇಟರ್ ಒಂದು ಕಡೆ ಹೊಡೆದುಕೊಳ್ಳುತ್ತಿರುತ್ತದೆ, ಬೈಕ್ ಇನ್ನೊಂದು ಕಡೆ ಹೋಗುತ್ತದೆ. ಹಾರ್ನ್ ಹೊಡೆದರೆ ಪಕ್ಕಕ್ಕೆ ಸರಿಯುವ ಬದಲು ನಡು ರಸ್ತೆಯಲ್ಲಿ ತಿರುಗಿ ನೋಡುತ್ತಾರೆ. ಲೋಡ್ ತುಂಬಿದ ಲಾರಿ ಅಷ್ಟು ಬೇಗ ನಿಲ್ಲುವುದಿಲ್ಲ. ಅವರು ಸತ್ತರೆ ಜೈಲಿಗೆ ಹೋಗುವವನು ನಾನು. ನನಗೂ ಮನೆಯಲ್ಲಿ ಮಕ್ಕಳಿದ್ದಾರೆ.

ನಮ್ಮ ಲೈನ್‌ನಲ್ಲೂ ಸುಸ್ತು ಹೋಗಲಿ ಅಂತ ಸೇದುವವರಿದ್ದಾರೆ, ಅವರಿಗೂ ಇದನ್ನೇ ಹೇಳುತ್ತೇನೆ. ನಿದ್ದೆ ಬಂದರೆ ಪಕ್ಕಕ್ಕೆ ಹಾಕಿ ಮಲಗಿ.

ನವಲೂರಿನ ಅಣ್ಣ:

ಎಲ್ಲರಿಗೂ ಧನ್ಯವಾದ. ಲಾರಿ ಅಣ್ಣಾರ ಮಾತು ಓದಿ ಕೈಕಾಲು ತಣ್ಣಗಾದವು. ವಕೀಲರೇ, ನನ್ನ ಪ್ರಶ್ನೆ ಉಳಿಯಿತು. ಪೊಟ್ಟಣ ಯಾವಾಗಲೂ ಗೆಳೆಯನ ಜೇಬಲ್ಲಿ ಇರುತ್ತದಂತೆ, ನನ್ನ ತಮ್ಮ ಓಡಿಸುವುದು ಮಾತ್ರ ಅಂತೆ. ಹಾಗಿದ್ದರೆ ಗಾಡಿಗೆ, ನನಗೆ ಏನೂ ಬರಲ್ಲ ಅಲ್ವಾ? ಮತ್ತೆ ಅವನು ಬಿಡಲು ಒಪ್ಪಿದರೆ ಎಲ್ಲಿಗೆ ಕರೆದುಕೊಂಡು ಹೋಗಲಿ? ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳಿಬಿಡುತ್ತಾರಾ ಅಂತ ಭಯ.

ಧಾರವಾಡದ ವಕೀಲ:

ಮೊದಲು ಆಸ್ಪತ್ರೆ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ, ಸರ್ಕಾರಿ ಆಸ್ಪತ್ರೆ, ಅಲ್ಲಿಗೇ ಕರೆದುಕೊಂಡು ಹೋಗಿ. ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಹೋಗಿ ಪೂರ್ತಿ ಮಾಡಿದರೆ 27ನೇ ಕಲಂ ಕೇಸ್‌ನಿಂದ, ಸಣ್ಣ ಪ್ರಮಾಣದ ಕೇಸ್‌ನಿಂದ ರಕ್ಷಣೆ ಇದೆ, ಎನ್‌ಡಿಪಿಎಸ್ 64ಎ. ಚಿಕಿತ್ಸೆ ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. 2024ರಲ್ಲಿ ಹುಬ್ಬಳ್ಳಿ-ಧಾರವಾಡ ಪೊಲೀಸರು ಶಂಕಿತರನ್ನು ಗುಂಪಾಗಿ ಕರೆಸಿ ಪರೀಕ್ಷೆ ಮಾಡಿಸಿದ್ದು ನೆನಪಿರಬೇಕು. ಹಾಗೆ ಕರೆಸುವ ತನಕ ಕಾಯಬೇಡಿ.

ಇನ್ನು ಗಾಡಿ. ಗೆಳೆಯನ ಜೇಬಲ್ಲಿದ್ದರೆ ನಿಮಗೆ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಮಾಲು ಸಾಗಿಸಿದ ವಾಹನವನ್ನು ಜಪ್ತಿ ಮಾಡಬಹುದು ಎಂದು ಎನ್‌ಡಿಪಿಎಸ್‌ನ 60ನೇ ಕಲಂ ಹೇಳುತ್ತದೆ. ಮಾಲೀಕ ತಪ್ಪಿಸಿಕೊಳ್ಳಬೇಕಾದರೆ ತನಗೂ ಓಡಿಸಿದವನಿಗೂ ಗೊತ್ತಿರಲಿಲ್ಲ, ಇಬ್ಬರೂ ಎಚ್ಚರಿಕೆ ವಹಿಸಿದ್ದೆವು ಎಂದು ತೋರಿಸಬೇಕು. ನಿಮ್ಮ ತಮ್ಮನಿಗೂ ಗೊತ್ತಿದೆ, ನಿಮಗೂ ಗೊತ್ತಾಗಿದೆ. ಮತ್ತಿನಲ್ಲಿ ಓಡಿಸಲು ನೆರವಾದವನಿಗೂ 185ರಷ್ಟೇ ಶಿಕ್ಷೆ, ಅದು ಮೋಟಾರು ಕಾಯ್ದೆಯ 188ನೇ ಕಲಂ. ಅಪಘಾತ ಆಗಿ ಯಾರಾದರೂ ಸತ್ತರೆ ತಮ್ಮನ ಮೇಲೆ ಐಪಿಸಿ ಬದಲಿಗೆ ಬಂದ ಬಿಎನ್‌ಎಸ್‌ನ 106, ಐದು ವರ್ಷದವರೆಗೆ ಜೈಲು. ಪರಿಹಾರದ ಕೇಸಲ್ಲಿ ಮಾಲೀಕ ಅಂತ ನಿಮ್ಮನ್ನು ಪಾರ್ಟಿ ಮಾಡುತ್ತಾರೆ. ಮತ್ತಿನಲ್ಲಿ ಓಡಿಸಿದ್ದರೆ ನಿಮ್ಮ ಗಾಡಿಯ ರಿಪೇರಿಗೆ ಕಂಪನಿ ರೊಕ್ಕ ಕೊಡುವುದಿಲ್ಲ, ಪಾಲಿಸಿಯಲ್ಲೇ ಆ ಷರತ್ತು ಇರುತ್ತದೆ. ಎದುರಿನವರಿಗೆ ಕೊಟ್ಟ ಪರಿಹಾರವನ್ನು ನಿಮ್ಮಿಂದ ವಸೂಲಿ ಮಾಡಲು ಕೂಡ ಬರಬಹುದು.

ಇವತ್ತೇ ಹೋಗಿ ಬೈಕ್ ಮನೆಗೆ ತಗೊಂಡು ಬನ್ನಿ. ಎರಡನೇ ಕೀ ಇದ್ದರೆ ಅದನ್ನೂ ಇಸಿದುಕೊಳ್ಳಿ. ಕಾಲೇಜಿಗೆ ಚಿಗರಿ ಬಸ್ ಇದೆ.