ಫ್ಯಾಂಟಸಿ ಸಿನಿಮಾಗಳ ಉಡುಪು, ಕತ್ತಿ, ಮುಖವಾಡಗಳ ಪ್ರದರ್ಶನ: ಮಗಳನ್ನು ಕರೆದುಕೊಂಡು ಹೋಗಲೇ?

ಪುಟ್ಟಿಯ_ಅಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ವರ್ಷ. ಡ್ರ್ಯಾಗನ್, ಮಾಟಗಾತಿ, ಮಾತಾಡುವ ಮರ ಇರುವ ಸಿನಿಮಾ ಹಾಕಿದರೆ ಮುಗಿಯಿತು, ಊಟಕ್ಕೆ ಕರೆದರೂ ಕೇಳಿಸುವುದಿಲ್ಲ. ಮುಂದಿನ ತಿಂಗಳು ಒಂದು ಮ್ಯೂಸಿಯಂನಲ್ಲಿ ಇಂಥ ಸಿನಿಮಾಗಳಲ್ಲಿ ಬಳಸಿದ ಉಡುಪು, ಕಿರೀಟ, ಕತ್ತಿ, ಬೊಂಬೆಗಳನ್ನು ಇಡುತ್ತಿದ್ದಾರೆ. ಟಿಕೆಟ್ ತೆಗೆದುಕೊಂಡಾಯಿತು. ಈಗ ನನಗೇ ಅಳುಕು ಶುರುವಾಗಿದೆ.

ಕಾರಣ ಹೇಳುತ್ತೇನೆ. ಹೋದ ವರ್ಷ ಅವಳಿಗೆ ಇಷ್ಟವಾದ ಒಂದು ಸಿನಿಮಾದ ಶೂಟಿಂಗ್ ವಿಡಿಯೊ ಕಣ್ಣಿಗೆ ಬಿತ್ತು. ನಟ ಹಸಿರು ಬಟ್ಟೆಯ ಮುಂದೆ ನಿಂತು, ಕೋಲಿಗೆ ಸಿಕ್ಕಿಸಿದ ಟೆನಿಸ್ ಚೆಂಡನ್ನು ನೋಡಿ ಅಳುತ್ತಿದ್ದ. ಮಗಳು ಲ್ಯಾಪ್‌ಟಾಪ್ ಮುಚ್ಚಿ, "ಹಾಗಾದ್ರೆ ಅಲ್ಲಿ ಏನೂ ಇರಲೇ ಇಲ್ವಾ ಅಪ್ಪಾ?" ಅಂದಳು. ಎರಡು ದಿನ ಆ ಸಿನಿಮಾದ ಮಾತೇ ಎತ್ತಲಿಲ್ಲ. ಈಗ ತಲೆಯಿಲ್ಲದ ಬೊಂಬೆಗೆ ತೊಡಿಸಿದ ನಿಲುವಂಗಿ, ರಬ್ಬರಿನ ಕತ್ತಿ ನೋಡಿದರೆ ಉಳಿದದ್ದೂ ಹೋಗಿಬಿಡುತ್ತದೋ ಏನೋ. ಮಕ್ಕಳನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ? ಎಷ್ಟು ಹೊತ್ತು ಬೇಕು? ಏನನ್ನು ಮುಖ್ಯವಾಗಿ ನೋಡಬೇಕು?

ಗಾಜಿನಾಚೆ

ಸರ್, ನನ್ನ ಅನುಭವ ಅಷ್ಟು ಚೆನ್ನಾಗಿಲ್ಲ, ಇದ್ದದ್ದನ್ನು ಹೇಳಿಬಿಡುತ್ತೇನೆ. ನಾನು ಹೋದ ಪ್ರದರ್ಶನದಲ್ಲಿ ಅರ್ಧಕ್ಕರ್ಧ ನಕಲು. ಅದನ್ನು ಹೇಳುವ ಸಾಲು ಮೊಣಕಾಲಿನ ಎತ್ತರದಲ್ಲಿ, ಸಣ್ಣ ಅಕ್ಷರದಲ್ಲಿ. ಒಂದು ಕಿರೀಟದ ಮುಂದೆ ಹತ್ತು ನಿಮಿಷ ಮೈಮರೆತು ನಿಂತ ಮೇಲೆ ಓದಿದೆ: ಅದು ಪ್ರದರ್ಶನಕ್ಕೆಂದೇ ಮಾಡಿಸಿದ್ದಂತೆ. ತುಂಬಾ ಬೇಜಾರಾಯಿತು. ಹಾಗಾಗಿ ಮೊದಲು ಪಕ್ಕದ ವಿವರದ ಪಟ್ಟಿ ಓದಿ, ಆಮೇಲೆ ವಸ್ತು ನೋಡಿ. ಶನಿವಾರ, ಭಾನುವಾರ ಮಾತ್ರ ಬೇಡ. ಗಾಜಿನಲ್ಲಿ ಜನರ ಮುಖಗಳೇ ಜಾಸ್ತಿ ಕಾಣುತ್ತವೆ.

ಸೂಜಿದಾರ

ಪುಟ್ಟಿಯ ಅಪ್ಪ ಅವರೇ, ಖಂಡಿತ ಕರೆದುಕೊಂಡು ಹೋಗಿ. ನಾನು ಇಪ್ಪತ್ತೆರಡು ವರ್ಷದಿಂದ ನಾಟಕಗಳಿಗೆ ಉಡುಪು ಹೊಲಿಯುತ್ತಿದ್ದೇನೆ. ಇಂಥ ಪ್ರದರ್ಶನ ಎಲ್ಲೇ ಇರಲಿ, ಸಾಧ್ಯವಾದರೆ ಬಿಡುವುದಿಲ್ಲ. ನಿಮ್ಮ ಮಗಳ ಪ್ರಶ್ನೆ ಓದಿ ಸ್ವಲ್ಪ ಉದ್ದವಾಗಿಯೇ ಬರೆಯಬೇಕು ಅನ್ನಿಸಿತು.

ಆ ಹಸಿರು ಬಟ್ಟೆ ಅವಳಿಗೆ ಹೇಳಿದ್ದು "ಇಲ್ಲಿ ಏನೂ ಇರಲಿಲ್ಲ" ಅಂತ. ಗಾಜಿನ ಪೆಟ್ಟಿಗೆ ಹೇಳುವುದು ಅದರ ಉಲ್ಟಾ. ಇದು ಇತ್ತು, ಕ್ಯಾಮೆರಾ ಮುಂದೆಯೇ ಇತ್ತು, ಒಬ್ಬರು ಇದನ್ನು ತೊಟ್ಟು ಬೆವರಿದ್ದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಾನು ಒಮ್ಮೆ ವಾಷಿಂಗ್ಟನ್‌ನಲ್ಲಿರುವ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂನಲ್ಲಿ "ದಿ ವಿಝರ್ಡ್ ಆಫ್ ಆಝ್" ಸಿನಿಮಾದ ಕೆಂಪು ಶೂ ನೋಡಿದೆ. 1939ರ ಸಿನಿಮಾ. ಧಗಧಗ ಹೊಳೆಯುತ್ತವೆ ಅಂದುಕೊಂಡು ಹೋಗಿದ್ದೆ. ಮಬ್ಬು ಬೆಳಕಿನಲ್ಲಿ ಎರಡು ಪುಟ್ಟ ಶೂ, ಒಣಗಿದ ದಾಳಿಂಬೆ ಸಿಪ್ಪೆಯ ಬಣ್ಣ. ಒಂದು ಕ್ಷಣ ಪಿಚ್ಚೆನಿಸಿತು. ಆಮೇಲೆ ಬಗ್ಗಿ ನೋಡಿದೆ ನೋಡಿ, ಅಲ್ಲಿಂದ ಏಳುವುದಕ್ಕೇ ಆಗಲಿಲ್ಲ. ಮಾಮೂಲಿ ರೇಷ್ಮೆ ಶೂ ಮೇಲೆ ತೆಳು ಬಟ್ಟೆ, ಆ ಬಟ್ಟೆಯ ತುಂಬ ಕೈಯಲ್ಲಿ ಹೊಲಿದ ಚಮ್ಕಿ. ಒಂದೊಂದು ಶೂಗೆ ಎರಡು ಸಾವಿರಕ್ಕೂ ಜಾಸ್ತಿ. ಚಮ್ಕಿ ಹೊಲಿದವರಿಗೆ ಗೊತ್ತು, ಪ್ರತಿಯೊಂದೂ ಪಕ್ಕದ್ದರ ಮೇಲೆ ಸ್ವಲ್ಪವೇ ಹತ್ತಿ ಕೂರಬೇಕು, ಇಲ್ಲದಿದ್ದರೆ ನಡುವೆ ಬಟ್ಟೆ ಇಣುಕುತ್ತದೆ. ಬೆರಳಿನ ಹತ್ತಿರದ ಬಾಗಿನಲ್ಲಿ ಸಾಲುಗಳು ಹೇಗೆ ತಿರುಗಿವೆ ಅಂತ ನೋಡುತ್ತಾ ನನ್ನ ಬೆರಳು ತಾನಾಗಿ ಸೂಜಿ ಹಿಡಿದ ಹಾಗೆ ಮಡಚಿಕೊಂಡಿತ್ತು.

ಮೂಲ ಕತೆಯಲ್ಲಿ ಅವು ಬೆಳ್ಳಿ ಬಣ್ಣದ ಶೂಗಳು. ಬಣ್ಣದ ಸಿನಿಮಾದಲ್ಲಿ ಎದ್ದು ಕಾಣಲಿ ಅಂತ ಕೆಂಪು ಮಾಡಿದರು. ಹೆಜ್ಜೆ ಸದ್ದು ಮೈಕಿಗೆ ಬೀಳದಿರಲಿ ಅಂತ ಅಡಿಗೆ ದಪ್ಪ ಉಣ್ಣೆಬಟ್ಟೆ ಅಂಟಿಸಿದರು. ಆ ಚಮ್ಕಿಯ ಒಳಗಿರುವುದು ಜಿಲಾಟಿನ್, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಅಂಟಿನಂಥ ವಸ್ತು. ತೇವ ಆಗದು, ಬೆಳಕು ಆಗದು. ಅದಕ್ಕೇ ಮ್ಯೂಸಿಯಂನವರು ಅಷ್ಟು ಮಬ್ಬಿನಲ್ಲಿ ಇಟ್ಟಿರುವುದು. ಬಟ್ಟೆಗೆ ಬೆಳಕು ಮಾಡಿದ ಹಾನಿ ವಾಪಸ್ ಸರಿಹೋಗುವುದಿಲ್ಲ, ದಿನದಿನಕ್ಕೂ ಕೂಡುತ್ತಾ ಹೋಗುತ್ತದೆ. ಲಕ್ಸ್ ಅಂದರೆ ಬೆಳಕಿನ ಅಳತೆ, ಸಾಮಾನ್ಯವಾಗಿ 50 ಲಕ್ಸ್ ಸುತ್ತಮುತ್ತ ಇಡುತ್ತಾರೆ. ನಿಮ್ಮ ಮಗಳಿಗೆ ಇದನ್ನು ಮುಂಚೆಯೇ ಹೇಳಿ, ಒಳಗೆ ಹೋದ ಕೂಡಲೇ ಕಣ್ಣಿಗೆ ಎರಡು ನಿಮಿಷ ಬಿಡುವು ಕೊಡಿ.

ಇನ್ನೊಂದು ಕತೆ ಅವಳಿಗೆ ಇಷ್ಟವಾಗಬಹುದು. ಅಂಥದೇ ಇನ್ನೊಂದು ಜೋಡಿ 2005ರಲ್ಲಿ ಮಿನ್ನೆಸೋಟದ ಒಂದು ಮ್ಯೂಸಿಯಂನಿಂದ ಕಳವಾಯಿತು. 2018ರಲ್ಲಿ ಸಿಕ್ಕಾಗ ವಾಷಿಂಗ್ಟನ್‌ಗೆ ತಂದು ಎರಡು ಜೋಡಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಇದರ ಎಡ ಅದರದು, ಅದರ ಎಡ ಇದರದು! ಯಾವ ಕಾಲದಲ್ಲೋ ಅದಲುಬದಲಾಗಿ ಹೋಗಿದ್ದವು.

ಏನು ನೋಡಬೇಕು ಅಂತ ಕೇಳಿದಿರಲ್ಲ. ನನ್ನ ಮಾತು ಕೇಳಿದರೆ ಸವೆತ ನೋಡಿ. ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನು ಹತ್ತು ವರ್ಷ ಕಾಡಿನಲ್ಲಿ ಅಲೆದವನ ಬಟ್ಟೆಯಾಗಿ ಮಾಡುವುದೇ ಒಂದು ದೊಡ್ಡ ಕೆಲಸ. ನಾನು ಒಬ್ಬ ಸೈನಿಕನ ಪಾತ್ರಕ್ಕೆ ಮೇಲಂಗಿ ಹೊಲಿದಾಗ ಹೊಲಿಯಲು ಹಿಡಿದದ್ದು ಮೂರು ದಿನ, ಹಳೆಯದು ಮಾಡಲು ಐದು ದಿನ. ನೆನೆಸಿ ಹಿಂಡಿ ಮುದುರಿ ಒಣಗಿಸಿದೆ. ಜೇಬಿನಲ್ಲಿ ಕಲ್ಲು ತುಂಬಿ, ಹಬೆ ಕೊಟ್ಟು ಜೋತು ಬೀಳಿಸಿದೆ. ಮೊಣಕೈಗೆ ಉಜ್ಜುಕಾಗದ, ಅಂಚಿಗೆ ತಂತಿ ಬ್ರಷ್. ಆಮೇಲೆ ಡಿಕಾಕ್ಷನ್‌ನಲ್ಲಿ ಅದ್ದಿದೆ. ಎಲ್ಲ ಆದ ಮೇಲೂ ಏನೋ ಸುಳ್ಳು ಅನ್ನಿಸುತ್ತಿತ್ತು. ರಾತ್ರಿ ಹೊಳೆಯಿತು: ಎರಡೂ ಭುಜವನ್ನು ಒಂದೇ ಸಮ ಸವೆಸಿದ್ದೆ. ಕತ್ತಿಯ ಪಟ್ಟಿ ಬಲ ಭುಜದಿಂದ ಇಳಿದು ಎಡ ಸೊಂಟಕ್ಕೆ ಹೋಗುತ್ತದೆ, ಸವೆಯಬೇಕಾದದ್ದು ಬಲ ಭುಜ. ಎಡ ಭುಜದ ಮೇಲೆ ಹೊಸ ಬಟ್ಟೆ ಹಾಕಿ ಮತ್ತೆ ಹೊಲಿದೆ.

ಮಗಳಿಗೆ ಆಟದ ಹಾಗೆ ಕೇಳಿ. ಈ ಯೋಧ ಬಲಗೈಯವನೋ ಎಡಗೈಯವನೋ? ಇವನು ಮಂಡಿಯೂರಿ ಕೂರುತ್ತಿದ್ದನೋ? ಈ ರಾಣಿ ಮೆಟ್ಟಿಲು ಇಳಿಯುವಾಗ ಲಂಗದ ಯಾವ ಕಡೆ ಎತ್ತಿ ಹಿಡಿಯುತ್ತಿದ್ದಳು? ಬಟ್ಟೆಯಲ್ಲೇ ಉತ್ತರ ಇರುತ್ತದೆ.

ಪುಟ್ಟಿಯ_ಅಪ್ಪ

ಅಕ್ಕಾ, ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಇನ್ನೊಂದೇ ಪ್ರಶ್ನೆ. ರಬ್ಬರ್ ಕತ್ತಿ ಕಂಡರೆ ಏನು ಹೇಳಲಿ?

ಸೂಜಿದಾರ

ನಿಜವನ್ನೇ ಹೇಳಿ. ಒಂದು ಕತ್ತಿ ಅಂದರೆ ಒಂದೇ ಕತ್ತಿ ಅಲ್ಲ. ಹತ್ತಿರದಿಂದ ತೋರಿಸಲು ಲೋಹದ್ದು, ಕೆತ್ತನೆ ಎಲ್ಲ ಇರುತ್ತದೆ. ಅದಕ್ಕೆ ಸಿನಿಮಾದವರು "ಹೀರೊ" ಅನ್ನುತ್ತಾರೆ. ಹೊಡೆದಾಟಕ್ಕೆ ಹಗುರವಾದದ್ದು. ಕುದುರೆಯಿಂದ ಬೀಳುವಾಗ ಯಾರಿಗೂ ಚುಚ್ಚದಿರಲಿ ಅಂತ ರಬ್ಬರಿನದು. ಆ ರಬ್ಬರ್ ಕತ್ತಿ ಯಾರದೋ ಕಣ್ಣು ಉಳಿಸಿದೆ ಅಂತ ಹೇಳಿ ನೋಡಿ, ಅವಳು ಅದನ್ನು ಗೌರವದಿಂದ ನೋಡುತ್ತಾಳೆ.

ಉಡುಪಿಗೂ ಹಾಗೇ. ಕೆಸರಿಗೆ ಒಂದು, ನೀರಿಗೆ ಒಂದು, ಸ್ಟಂಟ್ ಮಾಡುವವರಿಗೆ ಒಂದು. ಒಳಗಡೆ ಪಟ್ಟಿ ಹೊಲಿದು ಹೆಸರೋ ನಂಬರೋ ಬರೆದಿರುತ್ತೇವೆ. "ಲಾರ್ಡ್ ಆಫ್ ದಿ ರಿಂಗ್ಸ್" ಸಿನಿಮಾಗಳಲ್ಲಿ ಉಂಗುರವೇ ಹಲವು ಅಳತೆಗಳಲ್ಲಿ ಇತ್ತು. ತೀರಾ ಹತ್ತಿರದ ಶಾಟ್‌ಗೆ ಮಾಡಿದ್ದು ಸುಮಾರು 20 ಸೆಂಟಿಮೀಟರ್ ಅಗಲ, ಊಟದ ತಟ್ಟೆಯಷ್ಟು! ನ್ಯೂಜಿಲೆಂಡಿನ ಅಕ್ಕಸಾಲಿ ಜೆನ್ಸ್ ಹ್ಯಾನ್ಸನ್ ಅವರ ಅಂಗಡಿಯಲ್ಲಿ ಆದ ಕೆಲಸ. ಅದೇ ಸಿನಿಮಾಗಳ ಸರಪಳಿ ಅಂಗಿಗಳಲ್ಲಿ ಬಹುಪಾಲು ಪ್ಲಾಸ್ಟಿಕ್. ಪೈಪನ್ನು ಬಳೆ ಬಳೆಯಾಗಿ ಕತ್ತರಿಸಿ, ಒಂದೊಂದೇ ಬಳೆಯನ್ನು ಕೈಯಲ್ಲಿ ಕೊಂಡಿ ಹಾಕಿದ್ದಾರೆ. ಒಂದು ಕೋಟಿಗೂ ಮೇಲೆ ಬಳೆಗಳು. ಪ್ಲಾಸ್ಟಿಕ್ ಅಂತ ಗೊತ್ತಾದ ಮೇಲೆ ನನಗೆ ಅದರ ಮೇಲಿನ ಪ್ರೀತಿ ಹೆಚ್ಚೇ ಆಯಿತು.

ತಂತಿಗೊಂಬೆ

ಸೂಜಿದಾರ ಅವರು ಬಟ್ಟೆಯ ಬಗ್ಗೆ ಹೇಳಿದರು, ನಾನು ಬೊಂಬೆಗಳ ಬಗ್ಗೆ ಹೇಳುತ್ತೇನೆ. ಸ್ಟಾಪ್ ಮೋಷನ್ ನನ್ನ ಹವ್ಯಾಸ. ಒಂದು ಫ್ರೇಮ್, ಬೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಮತ್ತೊಂದು ಫ್ರೇಮ್. ಸೆಕೆಂಡಿಗೆ 24.

ಈ ಕೆಲಸದಲ್ಲಿ ಹೆಸರಾದ ರೇ ಹ್ಯಾರಿಹೌಸನ್ ಅವರ ಬೊಂಬೆ ಪ್ರದರ್ಶನದಲ್ಲಿದ್ದರೆ ಬಿಡಲೇಬೇಡಿ. 1963ರ "ಜೇಸನ್ ಅಂಡ್ ದಿ ಆರ್ಗೊನಾಟ್ಸ್"ನಲ್ಲಿ ಏಳು ಅಸ್ಥಿಪಂಜರಗಳು ಮೂವರ ಮೇಲೆ ಕತ್ತಿ ಬೀಸುತ್ತವೆ. ತೆರೆಯ ಮೇಲೆ ಕೆಲವೇ ನಿಮಿಷ. ಅವರು ಒಬ್ಬರೇ ಕೂತು ಮಾಡಿದ್ದು ನಾಲ್ಕು ತಿಂಗಳಿಗೂ ಹೆಚ್ಚು. ಕೆಲವು ದಿನ ಹದಿಮೂರು ಫ್ರೇಮ್ ಮಾತ್ರ ಆಗುತ್ತಿತ್ತಂತೆ. ಅಂದರೆ ದಿನವಿಡೀ ದುಡಿದರೂ ಒಂದು ಸೆಕೆಂಡು ತುಂಬುತ್ತಿರಲಿಲ್ಲ. ಅಸ್ಥಿಪಂಜರ ಒಂದು ಗೇಣಿಗಿಂತ ಸ್ವಲ್ಪ ಉದ್ದ ಅಷ್ಟೇ. ಕೀಲುಗಳಲ್ಲಿ ಗುಂಡು ಮತ್ತು ಬಟ್ಟಲಿನ ಜೋಡಣೆ, ನಮ್ಮ ಭುಜದ ಮೂಳೆ ಇರುವ ಹಾಗೆ. ಸಡಿಲವಾದರೆ ಕೈ ಜಾರುತ್ತದೆ, ಬಿಗಿಯಾದರೆ ಸರಿಸುವಾಗ ಇಡೀ ಬೊಂಬೆಯೇ ಅಲುಗುತ್ತದೆ. ನಾನು ಆ ಬಿಗಿ ಸರಿಮಾಡಲು ಕಲಿಯುವುದಕ್ಕೇ ಒಂದು ವರ್ಷ ತೆಗೆದುಕೊಂಡೆ.

ಹಳೆಯ ಬೊಂಬೆಗಳು ಅಂದಗೆಟ್ಟಂತೆ ಕಂಡರೆ ಮಗಳು ಗಾಬರಿಯಾಗದಿರಲಿ. ರಬ್ಬರ್ ಹಾಲಿನಿಂದ ಮಾಡಿದ ನೊರೆಯಂಥ ಚರ್ಮ ಗಾಳಿ ತಾಕಿ ತಾಕಿ ಮೊದಲು ಅಂಟಂಟಾಗುತ್ತದೆ, ಆಮೇಲೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. 1933ರ "ಕಿಂಗ್ ಕಾಂಗ್"ನ ಒಂದು ಬೊಂಬೆಯಲ್ಲಿ ರಬ್ಬರೂ ಹೋಗಿ, ಮೊಲದ ತುಪ್ಪಳವೂ ಹೋಗಿ, ಲೋಹದ ಎಲುಬುಗೂಡು ಮಾತ್ರ ಉಳಿದಿದೆ. ಐವತ್ತಾರು ಸೆಂಟಿಮೀಟರ್ ಎತ್ತರ. ಸಿನಿಮಾದಲ್ಲಿ ಗೋಪುರ ಹತ್ತಿದ ಆ ದೈತ್ಯ ಗೊರಿಲ್ಲಾ ಇಷ್ಟೇ.

"ಲ್ಯಾಬಿರಿಂತ್" ಸಿನಿಮಾದ ಹಾಗಲ್ ಎಂಬ ಕುಳ್ಳನ ಬೊಂಬೆಯಂತೂ ಪ್ರಯಾಣದಲ್ಲಿ ಕಳೆದುಹೋಗಿ, ವಾರಸುದಾರರಿಲ್ಲದ ಲಗೇಜ್ ಮಾರುವ ಅಲಬಾಮಾದ ಅಂಗಡಿಗೆ ಬಂದು ಸೇರಿತು. ಪಾಪ, ಚರ್ಮವೆಲ್ಲ ಸೆಟೆದು ಬಿರುಕು ಬಿಟ್ಟಿತ್ತು. ಈಗ ರಿಪೇರಿ ಮಾಡಿ ಅಲ್ಲೇ ಗಾಜಿನೊಳಗೆ ನಿಲ್ಲಿಸಿದ್ದಾರೆ.

ಹಳೇ_ಪ್ರೇಕ್ಷಕಿ

ಸಮಯದ ಬಗ್ಗೆ: ಮಗುವಿದ್ದರೆ ಒಂದೂವರೆ ಗಂಟೆ ಸಾಕು. ಎಲ್ಲವನ್ನೂ ನೋಡಲು ಹೋಗಬೇಡಿ. ಒಂದು ಸುತ್ತು ಬೇಗ ಹಾಕಿ, ಅವಳಿಗೆ ಇಷ್ಟವಾದ ಮೂರನ್ನು ಅವಳೇ ಆರಿಸಲಿ, ಆ ಮೂರರ ಮುಂದೆಯೇ ನಿಂತುಬಿಡಿ. ಫೋಟೊ ತೆಗೆಯಬಹುದಾ ಅಂತ ಬಾಗಿಲಲ್ಲೇ ಕೇಳಿಕೊಳ್ಳಿ. ಬಿಟ್ಟರೂ ಫ್ಲ್ಯಾಶ್ ಬೇಡ. ಒಂದು ಪುಸ್ತಕ, ಪೆನ್ಸಿಲ್ ಕೊಟ್ಟರೆ ಇನ್ನೂ ಒಳ್ಳೆಯದು. ಚಿತ್ರ ಬರೆಯಲು ಕೂತ ಮಗು ನಮಗೆ ಕಾಣದ್ದನ್ನೆಲ್ಲ ನೋಡುತ್ತದೆ.

ಪುಟ್ಟಿಯ_ಅಪ್ಪ

ಹೋಗಿ ಬಂದೆವು! ಬರೆಯಲು ತಡವಾಯಿತು, ಕ್ಷಮಿಸಿ.

ಒಳಗೆ ಹೋದ ಕೂಡಲೇ ತಲೆಯಿಲ್ಲದ ಬೊಂಬೆಗಳ ಸಾಲು. ನನ್ನ ಎದೆ ಡವಗುಟ್ಟಿತು. ಮಗಳು ಸುಮ್ನೆ ನಿಂತಳು. ಆಮೇಲೆ ನೇರ ಒಬ್ಬ ಮಾಂತ್ರಿಕನ ಬೂದು ನಿಲುವಂಗಿಯ ಹತ್ತಿರ ಹೋಗಿ ಕೆಳಗೆ ಕೂತಳು. ಅಂಚಿನಲ್ಲಿ ಒಂದು ಗೇಣು ಕೆಸರು. ಅದು ಕೆಸರಲ್ಲ, ಬಣ್ಣ ಬಳಿದದ್ದು ಅಂತ ಪಟ್ಟಿಯಲ್ಲಿತ್ತು. ನಾನು ಓದಿ ಹೇಳಿದೆ, ಹೇಳಬಾರದಿತ್ತೇನೋ ಅಂತ ತಕ್ಷಣ ಅನ್ನಿಸಿತು. ಅವಳು, "ಯಾರು ಬಳಿದದ್ದು?" ಅಂತ ಕೇಳಿದಳು. "ಒಬ್ಬ ಅಕ್ಕ ಇರಬೇಕು, ನಿಲುವಂಗಿಯನ್ನು ಮುದುಕ ಮಾಡುವುದೇ ಅವಳ ಕೆಲಸ" ಅಂದೆ. ಅಷ್ಟು ಕೇಳಿದ್ದೇ ತಡ, ಮುಂದಿನ ಪ್ರತಿ ಉಡುಪಿನ ಮುಂದೆಯೂ "ಇದನ್ನೂ ಅವಳೇ ಮುದುಕ ಮಾಡಿದ್ದಾ?"

ಸೂಜಿದಾರ ಅಕ್ಕಾ, ನಿಮ್ಮ ಆಟ ಆಡಿದೆವು. ನಿಲುವಂಗಿಯ ಬಲ ತೋಳಿನ ತುದಿ ಎಡಕ್ಕಿಂತ ಕಪ್ಪಗಿತ್ತು, ದಾರ ಬಿಟ್ಟಿತ್ತು. "ಕೋಲು ಹಿಡಿಯೋದು ಈ ಕೈಯಲ್ಲಿ" ಅಂತ ಅವಳೇ ಕಂಡುಹಿಡಿದಳು. ರಬ್ಬರ್ ಕತ್ತಿಯೂ ಇತ್ತು, ತುದಿ ಸ್ವಲ್ಪ ಬಾಗಿತ್ತು. ಅವಳು ಪುಸ್ತಕದಲ್ಲಿ ಬರೆದುಕೊಂಡ ಮೂರು ಚಿತ್ರಗಳಲ್ಲಿ ಅದೂ ಒಂದು.

ಒಂದೂವರೆ ಗಂಟೆ ಅಂದುಕೊಂಡದ್ದು ಮೂರು ಗಂಟೆ ಆಯಿತು. ಹೊರಡುವಾಗ ಮತ್ತೆ ನಿಲುವಂಗಿಯ ಹತ್ತಿರ ಓಡಿದಳು. ಕಾಲರ್ ಒಂದು ಕಡೆ ಸ್ವಲ್ಪ ಮಗುಚಿಕೊಂಡಿತ್ತು. ಅವಳ ಎತ್ತರಕ್ಕೆ ಕಾಣುತ್ತದೆ, ನನಗೆ ಬಗ್ಗಿದ ಮೇಲೆ ಕಂಡಿತು: ಒಳಗೆ ಬಿಳಿ ಪಟ್ಟಿ, ಅದರ ಮೇಲೆ ಪೆನ್ನಿನಲ್ಲಿ 2 ಅಂತ ಬರೆದಿದೆ. ಅವತ್ತಿನಿಂದ ಮನೆಯಲ್ಲಿ ಒಂದೇ ಪ್ರಶ್ನೆ, 1 ಎಲ್ಲಿದೆ ಅಂತ. ನೀರಿಗೆ ಬಿದ್ದ ದೃಶ್ಯದಲ್ಲಿ ಹಾಳಾಗಿರಬಹುದು ಅಂದೆ. ಇಲ್ಲವಂತೆ, ಮಾಂತ್ರಿಕನ ಹತ್ತಿರವೇ ಇದೆಯಂತೆ. ಅಕ್ಕಾ, ಸಾಮಾನ್ಯವಾಗಿ 1 ಅಂತ ಬರೆಯುವುದು ಯಾವುದಕ್ಕೆ? ನೀವು ಹೇಳಿದ್ದನ್ನು ಅವಳಿಗೆ ಓದಿ ಹೇಳಬೇಕು, ಕಾಯುತ್ತಿದ್ದಾಳೆ.